ಎದೆಗೆ ಹಾಕಿದ ಮಿತಿ

ಪ್ರಯೋಗಾಲಯದಲ್ಲಿ ಎಲ್ಲರೂ ಅವಳನ್ನು ತಂತಿ ಎಂದು ಕರೆಯುತ್ತಿದ್ದರು. ಆ ಹೆಸರಿಟ್ಟವನು ಮಾಲಿ. ಅವನೂ ನಿಜಕ್ಕೆ ಮಾಲಿಯೇನಲ್ಲ. ಗಾಜಿನ ತಟ್ಟೆಗಳಲ್ಲಿ ಹೃದಯದ ಜೀವಕೋಶಗಳನ್ನು ಬೆಳೆಸುವುದು, ಹೊತ್ತುಹೊತ್ತಿಗೆ ಅವುಗಳ ಆಹಾರದ ದ್ರವ ಬದಲಿಸುವುದು, ಸೊರಗಿದ್ದನ್ನು ತೆಗೆದು ಎಸೆಯುವುದು ಅವನ ಕೆಲಸ. ರಜೆಯ ದಿನವೂ ಬಂದು, “ಮಕ್ಕಳಿಗೆ ಊಟ ಹಾಕಿ ಹೋಗ್ತೀನಿ” ಅನ್ನುತ್ತಿದ್ದ. ಅವನು ಬೆಳೆಸಿದ ಕೋಶಗಳು ಕೂರಬೇಕಾದ ಬಲೆಯನ್ನೂ ಬಲೆಯೊಳಗಿನ ವಿದ್ಯುತ್ತಿನ ಏರ್ಪಾಡನ್ನೂ ಮಾಡುವವಳು ತಂತಿ.

ಹೃದಯಾಘಾತವಾದಾಗ ಗುಂಡಿಗೆಯ ಒಂದು ಭಾಗ ಸತ್ತು ಕಲೆಗಟ್ಟುತ್ತದೆ. ಕಲೆ ಮಿಡಿಯುವುದಿಲ್ಲ. ಆ ಜಾಗದ ಮೇಲೆ ಹೊಲಿಯಲು ಒಂದು ಜೀವಂತ ತೇಪೆ ಮಾಡುವುದು ಈ ಗುಂಪಿನ ಕೆಲಸ. ರೋಗಿಯ ರಕ್ತದಿಂದಲೇ ಕೋಶಗಳನ್ನು ತೆಗೆದು, ಅವನ್ನು ಹೃದಯದ ಕೋಶಗಳಾಗಿ ಮಾರ್ಪಡಿಸಿ, ಕೂದಲಿಗಿಂತ ಎಷ್ಟೋ ಪಾಲು ತೆಳುವಾದ ನೂಲಿನ ಬಲೆಯ ಮೇಲೆ ಬೆಳೆಸುತ್ತಿದ್ದರು. ನೂಲಿನ ನಡುವೆ ಕಣ್ಣಿಗೆ ಕಾಣದಷ್ಟು ಸಣ್ಣ ಚಿನ್ನದ ಎಳೆಗಳು. ಅವು ಇಲ್ಲದಿದ್ದರೆ ಕೋಶಗಳದ್ದು ತಲೆಗೊಂದು ದಾರಿ. ಒಂದು ಮಿಡಿದರೆ ಪಕ್ಕದ್ದು ಸುಮ್ಮನಿರುತ್ತದೆ. ಚಿನ್ನದ ಎಳೆಯಲ್ಲಿ ವಿದ್ಯುತ್ತು ಹರಿದರೆ ಎಲ್ಲವೂ ಒಟ್ಟಿಗೆ ಮಿಡಿಯುತ್ತವೆ. ಅದೇ ಬಲೆಯಲ್ಲಿ ತಂತಿ ಸಣ್ಣ ಸಣ್ಣ ಬಿಂದುಗಳನ್ನು ಕೂರಿಸಿದ್ದಳು. ಕೆಲವು ಬಿಂದುಗಳು ಮಿಡಿತವನ್ನು ಕೇಳಿಸಿಕೊಂಡು ಹೊರಗೆ ತಿಳಿಸುತ್ತವೆ. ಮಿಡಿತ ನಿಧಾನವಾದರೆ ಕೆಲವು ಮೆಲ್ಲಗೆ ತಟ್ಟುತ್ತವೆ. ಇನ್ನು ಕೆಲವು, ಮಿಡಿತ ಒಂದು ಮಿತಿ ದಾಟಿ ಓಡತೊಡಗಿದರೆ, ತಮ್ಮೊಳಗಿನ ಲೋಳೆಯಿಂದ ಚೂರೇ ಚೂರು ಔಷಧ ಬಿಟ್ಟು ಅದರ ಓಟವನ್ನು ತಗ್ಗಿಸುತ್ತವೆ. ಈ ಕೊನೆಯದು ಪೂರ್ತಿ ಅವಳದೇ. ಅದಕ್ಕೆ ಅವಳ ವಯಸ್ಸಿನ ಒಳ್ಳೆಯ ವರ್ಷಗಳೆಲ್ಲ ಹೋಗಿದ್ದವು.

ತೇಪೆ ಹಾಕಿಸಿಕೊಂಡ ಮೂರನೆಯವನು ಅವಳ ಅಪ್ಪ.

ಅಪ್ಪ ನಗರ ಸಾರಿಗೆಯ ಬಸ್ಸು ಓಡಿಸಿ ನಿವೃತ್ತನಾದವನು. ನಿವೃತ್ತನಾದ ಮೇಲೆ ಸುಮ್ಮನೆ ಕೂರಲಾರದೆ ಮನೆಯ ಎಲ್ಲ ಬಾಗಿಲುಗಳ ತಿರುಗಣೆಗೂ ಎಣ್ಣೆ ಬಿಡುತ್ತ ಓಡಾಡುತ್ತಿದ್ದಾಗ ಎದೆ ಹಿಡಿದುಕೊಂಡು ಕುಸಿದಿದ್ದ. ಬದುಕಿಕೊಂಡ. ಆದರೆ ಅರ್ಧ ಗುಂಡಿಗೆಯಲ್ಲಿ ಬದುಕುವುದು ಎಂದರೆ ಒಂದು ಮಹಡಿ ಹತ್ತಲು ಎರಡು ಕಡೆ ಕೂರುವ ಬದುಕು. ಮಗಳು ಮಾಡಿದ ಸಾಧನವನ್ನು ಅಪ್ಪನಿಗೇ ಹಾಕುವುದು ಸರಿಯೇ ಎಂದು ಆಸ್ಪತ್ರೆಯ ಸಮಿತಿ ತಿಂಗಳುಗಟ್ಟಲೆ ಚರ್ಚಿಸಿತು. ಅಪ್ಪನ ವಿಷಯದಲ್ಲಿ ಯಾವ ತೀರ್ಮಾನವೂ ಅವಳದಲ್ಲ, ಎಲ್ಲವೂ ಶಸ್ತ್ರವೈದ್ಯರದು ಎಂಬ ಷರತ್ತಿನ ಮೇಲೆ ಕೊನೆಗೆ ಒಪ್ಪಿತು.

ಮಿತಿಯ ವಿಷಯ ವಿವರಿಸಿದಾಗ ಅಪ್ಪ ಅರ್ಧಕ್ಕೇ ತಡೆದ.

“ಸ್ಪೀಡ್ ಗವರ್ನರ್ ಅನ್ನು. ಅಷ್ಟು ಸುತ್ತಿ ಬಳಸಿ ಯಾಕೆ ಹೇಳ್ತೀಯಾ? ಬಸ್ಸಿನ ವೇಗ ಕಟ್ಟಿಹಾಕೋ ಅದನ್ನ ಜೀವಮಾನ ಎಲ್ಲ ಬೈಕೊಂಡೇ ಓಡಿಸಿದೀನಿ. ಈಗ ಎದೆಗೇ ಹಾಕಿಸ್ತಿದೀಯಾ.”

ಅಮ್ಮ ಪರದೆ ಬಟ್ಟೆಯ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಜನರ ಕಿಟಕಿಗಳ ಅಳತೆ ಕೇಳಿ, ಬಟ್ಟೆ ಹರವಿ, ಕತ್ತರಿಸಿ ಕೊಡುವವಳು. ಅವಳು ಮಗಳಿಗೆ ಹೇಳಿದ್ದು ಬೇರೆ. “ಇಷ್ಟು ವರ್ಷ ಸಂಸಾರ ಮಾಡಿದೀನಿ, ಆ ಮನುಷ್ಯನ ಎದೆಯಲ್ಲಿ ಏನಿದೆ ಅಂತ ನನಗೇ ಗೊತ್ತಾಗಿಲ್ಲ. ನೀನೊಂದು ವೈರ್ ಹಾಕಿ ತಿಳ್ಕೊಂಡುಬಿಡ್ತೀಯಾ?” ಅಪ್ಪ ಪೇಪರ್ ಹಿಂದಿನಿಂದ ನಕ್ಕಿದ್ದ.

ತೇಪೆ ಹತ್ತಿಕೊಂಡಿತು. ಕೆಲವು ತಿಂಗಳಲ್ಲಿ ಅಪ್ಪ ಮಹಡಿ ಹತ್ತುತ್ತ ಮಾತಾಡತೊಡಗಿದ. ಅಂಗಿಯ ಜೇಬಿನಲ್ಲಿ ಬೆಂಕಿಪೊಟ್ಟಣದಷ್ಟು ದೊಡ್ಡ ಪೆಟ್ಟಿಗೆ. ಎದೆಯೊಳಗಿನ ಸುದ್ದಿಯನ್ನು ಅದು ಪ್ರಯೋಗಾಲಯಕ್ಕೆ ಕಳಿಸುತ್ತಿತ್ತು. ಅಲ್ಲಿ ಗೋಡೆಯ ಪರದೆಯ ಮೇಲೆ ಮೂರು ಸಾಲು, ಮೂರು ರೋಗಿಗಳದು. ಮೂರನೆಯ ಸಾಲನ್ನು ತಂತಿ ಮಿಕ್ಕೆರಡಕ್ಕಿಂತ ಹೆಚ್ಚು ನೋಡುತ್ತಿರಲಿಲ್ಲ. ಹಾಗೆ ನೋಡಬಾರದು ಎಂದು ತಾನೇ ಕಟ್ಟು ಹಾಕಿಕೊಂಡಿದ್ದಳು.

ಅವತ್ತು ಬೆಳಿಗ್ಗೆ ಅವಳು ಹೊಸ ಬಲೆಯೊಂದನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ಎಳೆ ಕಡಿದಿದೆಯೇ ಎಂದು ನೋಡುತ್ತಿದ್ದಾಗ ಫೋನು ಬಂತು.

“ಹೇಳಪ್ಪಾ.”

“ನಿಮ್ಮಮ್ಮ ಬಿದ್ದುಬಿಟ್ಟಿದಾಳೆ ಕಣೇ. ಅಂಗಡಿಗೆ ಹೊರಟಿದ್ಲು. ಚಪ್ಪಲಿ ಹಾಕ್ಕೊಳೋಕೆ ಬಗ್ಗಿದವಳು ಏಳ್ಲೇ ಇಲ್ಲ.”

“ಆಂಬುಲೆನ್ಸ್?”

“ಬಂದಿದಾರೆ. ಇಲ್ಲೇ ಇದಾರೆ. ಎದೆ ಒತ್ತುತಿದಾರೆ.”

ಅವಳು ತಲೆಯೆತ್ತಿದಳು. ಪರದೆ ಎದುರಿಗೇ ಇತ್ತು. ಮೂರನೆಯ ಸಾಲಿನ ಗೆರೆ ಏರುತ್ತಿತ್ತು. ಫೋನಿನಲ್ಲಿ ಯಾರೋ ಏನೋ ತಗ್ಗಿದ ದನಿಯಲ್ಲಿ ಹೇಳಿದರು. ಕುರ್ಚಿ ಸರಿದ ಸದ್ದು. ಅಪ್ಪನ ಉಸಿರು.

“ಹೋಗಿದಾಳಂತೆ,” ಅಂದ ಅಪ್ಪ.

ಗೆರೆ ನೆಟ್ಟಗೆ ಮೇಲಕ್ಕೆ ಹೋಯಿತು. ಅದರ ಪಕ್ಕದಲ್ಲಿ ಒಂದು ಹಸಿರು ಚುಕ್ಕಿ ಹೊತ್ತಿಕೊಂಡಿತು. ಔಷಧ ಬಿಡುಗಡೆಯಾದಾಗ ಹೊತ್ತುವ ಚುಕ್ಕಿ ಅದು. ಮನುಷ್ಯರ ಎದೆಯಲ್ಲಿ ಅದು ಹೊತ್ತಿದ್ದು ಅದೇ ಮೊದಲು. ಮೊದಲಿನ ಇಬ್ಬರು ರೋಗಿಗಳಿಗೆ ಅದರ ಅಗತ್ಯವೇ ಬಿದ್ದಿರಲಿಲ್ಲ. ಗೆರೆ ಅಲ್ಲಿಗೇ ನಿಂತಿತು, ಬಾಗಿತು, ಇಸ್ತ್ರಿ ಒತ್ತಿದ ಹಾಗೆ ಸಮನಾಗುತ್ತ ಬಂತು.

“ಸರಿ,” ಅಂದ ಅಪ್ಪ. ದನಿಯೂ ಸಮನಾಗಿತ್ತು. “ನೀನು ಗಾಬರಿಯಾಗಬೇಡ. ನಿಧಾನಕ್ಕೆ ಬಾ. ಗಾಡಿ ಸಿಗುತ್ತಾ ನೋಡು.”

ಅವಳ ತಲೆಗೆ ಮೊದಲು ಬಂದ ಮಾತು ‘ಕೆಲಸ ಮಾಡಿತು’ ಎಂಬುದು. ಅಮ್ಮ ಅದರ ನಂತರ ಬಂದಳು. ಅಷ್ಟರಲ್ಲಿ ಹಿಂದಿನಿಂದ ಮಾಲಿ ಕೈ ತಟ್ಟಿ ಕೂಗಿದ. “ತಂತೀ! ಬಿಡುಗಡೆ ಆಯ್ತು! ನೋಡಿದ್ಯಾ ಹೇಗೆ ಹಿಡೀತು? ಅಬ್ಬಬ್ಬಾ, ಏನು ಚಂದ ಇಳೀತು ನೋಡೇ!”

ಅವಳು ಫೋನು ಕೆಳಗಿಟ್ಟಳು.

“ನಮ್ಮಮ್ಮ ಹೋದ್ಲಂತೆ. ನಾನು ಮನೆಗೆ ಹೋಗ್ಬೇಕು. ಈ ತಟ್ಟೆ ಮುಚ್ಚಿಡು, ಒಣಗಿಬಿಡುತ್ತೆ.”

ಮಾಲಿಯ ಕೈಗಳು ಚಪ್ಪಾಳೆಯ ನಡುವೆಯೇ ನಿಂತಿದ್ದವು.

ಮಿದುಳಿನಲ್ಲಿ ರಕ್ತ ಒಸರಿತ್ತು ಎಂದರು. ಮುಂದಿನದೆಲ್ಲ ಆಗಬೇಕಾದಂತೆ ಆಯಿತು. ಜನ ಬಂದರು, ಹೋದರು. ಅಪ್ಪ ಬಂದವರಿಗೆಲ್ಲ ಕುರ್ಚಿ ಹಾಕಿದ, ನೀರು ಸಿಕ್ಕಿತಾ ಎಂದು ವಿಚಾರಿಸಿದ, ಕೆಳಗೆ ಗಾಡಿ ಎಲ್ಲಿ ನಿಲ್ಲಿಸಬೇಕೆಂದು ದಾರಿ ಹೇಳಿದ. ಅಮ್ಮನನ್ನು ಒಯ್ಯುವಾಗ ಲಿಫ್ಟಿನಲ್ಲಿ ಹಿಡಿಸುವುದಿಲ್ಲ ಎಂದು ಅವನೇ ಮೊದಲು ಹೇಳಿ, ಮೆಟ್ಟಿಲ ತಿರುವಿನಲ್ಲಿ ಹೇಗೆ ತಿರುಗಿಸಬೇಕೆಂದು ಹಿಂದೆ ಮುಂದೆ ನಿಂತು ತೋರಿಸಿದ. ದೊಡ್ಡ ಬಸ್ಸನ್ನು ಸಣ್ಣ ಓಣಿಯಲ್ಲಿ ತಿರುಗಿಸಿದಂತೆ. ಒಂದು ಹನಿ ಕಣ್ಣೀರು ಬರಲಿಲ್ಲ.

ಅಪ್ಪನ ತಂಗಿ, ಅತ್ತೆ, ಆ ವಾರವಿಡೀ ಜೊತೆಗಿದ್ದಳು. ಅಣ್ಣನ ಕೈ ಹಿಡಿದುಕೊಂಡು, “ಒಂದ್ಸಲ ಅತ್ತುಬಿಡಣ್ಣಾ, ಹಗುರಾಗುತ್ತೆ” ಎಂದು ತಾನೇ ಅಳುತ್ತಿದ್ದಳು. ಅಪ್ಪ ಅವಳ ಬೆನ್ನು ಸವರಿ, “ಆಯ್ತು ಆಯ್ತು” ಅನ್ನುತ್ತಿದ್ದ. ಅತ್ತೆ ಅಡುಗೆಮನೆಗೆ ಬಂದು ತಂತಿಯನ್ನು ಹಿಡಿದುಕೊಂಡಳು.

“ನಿಮ್ಮಪ್ಪನ್ನ ಏನ್ ಮಾಡಿಟ್ಟಿದೀಯೇ? ಕಲ್ಲಾಗಿದಾನೆ. ನಮ್ಮಣ್ಣ ಹೀಗಿರಲಿಲ್ಲ. ನಾಯಿ ಬಸ್ಸಿಗೆ ಸಿಕ್ಕಿ ಸತ್ರೆ ಎರಡು ದಿನ ಊಟ ಬಿಡ್ತಿದ್ದವನು.”

“ನನಗೂ ಅಳು ಬರ್ತಿಲ್ಲತ್ತೆ.”

“ನಿನ್ನದಿರಲಿ. ನೀನು ಮೊದಲಿಂದಲೂ ಹಾಗೇ.”

ಅಮ್ಮನ ಅಂಗಡಿಯವರು ಬಂದು, ಅವಳು ಅಲ್ಲಿ ಇಟ್ಟಿದ್ದ ಕೊಡೆ ಮತ್ತು ನೀರಿನ ಬಾಟಲಿ ಕೊಟ್ಟು ಹೋದರು. ಬಾಟಲಿಯಲ್ಲಿ ಅರ್ಧ ನೀರಿತ್ತು. ತಂತಿ ಅದನ್ನು ಚೆಲ್ಲಿ, ತೊಳೆದು, ಬೋರಲು ಹಾಕಿದಳು. ಆಮೇಲೆ ಅಲ್ಲೇ ನಿಂತು ಸ್ವಲ್ಪ ಹೊತ್ತು ಕಾದಳು. ಏನನ್ನು ಕಾಯುತ್ತಿದ್ದೇನೆಂದು ಅವಳಿಗೆ ಗೊತ್ತಿತ್ತು. ಅದು ಬರಲಿಲ್ಲ. ಹೋಗಿ ಬೇರೆ ಪಾತ್ರೆಗಳನ್ನೂ ತೊಳೆದಳು.

ಕೆಲಸಕ್ಕೆ ಮರಳಿದ ದಿನ ದೊಡ್ಡ ಮೇಡಂ ಅವಳನ್ನು ಒಳಗೆ ಕರೆದರು. ದೊಡ್ಡ ಮೇಡಂ ಈ ಇಡೀ ಯೋಜನೆ ಕಟ್ಟಿದವರು. ಎದುರಿಗೆ ಕೂರಿಸಿಕೊಂಡು, ಪೆನ್ನಿನ ಮುಚ್ಚಳವನ್ನು ಎರಡು ಸಲ ತೆಗೆದು ಹಾಕಿದರು.

“ನೋಡಮ್ಮಾ, ಮುಂದಿನ ತಿಂಗಳ ಸಭೆಯಲ್ಲಿ ನಾವು ಬಿಡುಗಡೆಯ ಭಾಗ ತೋರಿಸಬೇಕು. ಮನುಷ್ಯರಲ್ಲಿ ಅದು ಕೆಲಸ ಮಾಡಿದ್ದಕ್ಕೆ ನಮ್ಮ ಹತ್ರ ಇರೋದು ನಿಮ್ಮಪ್ಪನ ಗೆರೆ ಮಾತ್ರ. ನೀನು ಬೇಡ ಅಂದ್ರೆ ಬೇಡ. ನಾನು ಒತ್ತಾಯ ಮಾಡಲ್ಲ.”

“ಹಾಕೋಣ ಮೇಡಂ.”

“ಯೋಚನೆ ಮಾಡಿ ಹೇಳು.”

“ಮಾಡಿದೀನಿ. ಗೆರೆ ಚೆನ್ನಾಗಿದೆ. ಬೇರೆ ಯಾವುದೂ ಅಷ್ಟು ಸ್ಪಷ್ಟ ಇಲ್ಲ.”

ಮಾಲಿ ಇದಕ್ಕೆ ಸಿಟ್ಟಾದ. “ನಿನಗೆ ತಲೆ ಕೆಟ್ಟಿದೆಯಾ? ಬೇರೆಯವರು ಮಾಡ್ಲಿ, ನಾನೇ ಮಾಡ್ತೀನಿ” ಎಂದು ಹಾರಾಡಿದ. ಅವಳು ಕೇಳಲಿಲ್ಲ. ಅಪ್ಪನ ಗೆರೆಯನ್ನು ಕತ್ತರಿಸಿ, ಬಣ್ಣ ಕೊಟ್ಟು, ಏರುವ ಜಾಗಕ್ಕೆ ಬಾಣ ಇಟ್ಟು, ಬಾಣದ ಪಕ್ಕ ‘ಘಟನೆ’ ಎಂದು ಬರೆದಳು. ಅಕ್ಷರ ಸಣ್ಣದಾಯಿತೆಂದು ದೊಡ್ಡದು ಮಾಡಿದಳು.

ಸಭಾಂಗಣದಲ್ಲಿ ತಣ್ಣನೆಯ ಗಾಳಿ, ಮೆತ್ತನೆಯ ಕುರ್ಚಿ. ಅವಳು ಚೆನ್ನಾಗಿ ಮಾತಾಡಿದಳು. ಎಲ್ಲೂ ತೊದಲಲಿಲ್ಲ. ಕೊನೆಯಲ್ಲಿ ಕನ್ನಡಕದ ವೈದ್ಯರೊಬ್ಬರು ಎದ್ದು ಕೇಳಿದರು.

“ಈ ಘಟನೆ ಅಂದ್ರೆ ಏನು? ರೋಗಿ ಮೆಟ್ಟಿಲು ಹತ್ತಿದ್ರಾ? ಮಾತ್ರೆ ತಪ್ಪಿಸಿದ್ರಾ?”

“ಇಲ್ಲ ಸರ್. ಹೆಂಡತಿ ತೀರಿಕೊಂಡ ಸುದ್ದಿ ಕೇಳಿದ್ರು.”

“ಓ. ಅಷ್ಟು ನಿಖರವಾಗಿ ಅದೇ ಕ್ಷಣ ಅಂತ ಹೇಗೆ ಹೇಳ್ತೀರಿ?”

“ನಾನು ಫೋನಿನಲ್ಲಿದ್ದೆ. ಅವರು ನಮ್ಮಪ್ಪ.”

ಸಭೆಯಲ್ಲಿ ಯಾರೋ ಕೆಮ್ಮಲು ಹೊರಟವರು ನುಂಗಿಕೊಂಡರು. ಕನ್ನಡಕದವರು ನಿಂತೇ ಇದ್ದು, “ಕ್ಷಮಿಸಿ” ಎಂದು ಕೂತರು. ನಂತರ ಹಿಂದಿನ ಸಾಲಿನಿಂದ ಮತ್ತೊಬ್ಬರು ಬ್ಯಾಟರಿ ಎಷ್ಟು ಕಾಲ ಬಾಳುತ್ತದೆ ಎಂದು ಕೇಳಿದರು. ಅವಳು ಉತ್ತರ ಕೊಟ್ಟಳು. ಊಟದ ಹೊತ್ತಿನಲ್ಲಿ ಜನ ತಟ್ಟೆ ಹಿಡಿದು ಅವಳ ಹತ್ತಿರ ಬರುತ್ತ, ಬಂದವರು ಪಕ್ಕಕ್ಕೆ ಹೊರಳಿ ಹೋಗುತ್ತಿದ್ದರು. ದೊಡ್ಡ ಮೇಡಂ ಮಾತ್ರ ಬಂದು ಪಕ್ಕದಲ್ಲಿ ಕೂತು, ತಮ್ಮ ತಟ್ಟೆಯ ಹಣ್ಣಿನ ಹೋಳುಗಳನ್ನು ಅವಳ ತಟ್ಟೆಗೆ ಹಾಕಿದರು.

ಅದಾದ ಒಂದು ಭಾನುವಾರ ಬೆಳಿಗ್ಗೆ ಬಾಲ್ಕನಿಯಲ್ಲಿ ಚಹಾ ಕುಡಿಯುತ್ತ ಅಪ್ಪ ಮಾತು ತೆಗೆದ. ಅತ್ತೆ ಊರಿಗೆ ಹೋಗಿಯಾಗಿತ್ತು. ಕೆಳಗೆ ರಸ್ತೆಯಲ್ಲಿ ಯಾರೋ ಕಾರು ತೊಳೆಯುತ್ತಿದ್ದರು.

“ನಿನ್ನ ಹತ್ರ ಒಂದು ಕೇಳ್ಬೇಕು. ನಗಬಾರದು.”

“ಕೇಳಪ್ಪಾ.”

“ನನಗೆ ಅಳು ಬರ್ತಿಲ್ಲ ಕಣೇ.” ಅವನು ಕಾರಿನ ಕಡೆಗೇ ನೋಡುತ್ತಿದ್ದ. “ಬರಲ್ಲ ಅಂತಲ್ಲ. ಬರೋಕೆ ಹೊರಡುತ್ತೆ. ಇಲ್ಲೀವರೆಗೂ ಬರುತ್ತೆ.” ಗಂಟಲು ಮುಟ್ಟಿ ತೋರಿಸಿದ. “ಅಷ್ಟರಲ್ಲಿ ಯಾರೋ ಬ್ರೇಕ್ ಒತ್ತಿದ ಹಾಗೆ. ಆಮೇಲೆ ಎಲ್ಲ ತಣ್ಣಗೆ. ಹೊಟ್ಟೆ ತುಂಬಿದವರ ಹಾಗೆ ಕೂತಿರ್ತೀನಿ. ಅದು ನಿನ್ನ ಗವರ್ನರ್ ಕೆಲಸವಾ?”

ಅವಳು ಈ ಪ್ರಶ್ನೆಯನ್ನು ಎಷ್ಟೋ ದಿನದಿಂದ ಎದುರು ನೋಡುತ್ತಿದ್ದಳು.

“ದುಃಖ ಇರೋದು ಮಿದುಳಿನಲ್ಲಿ ಅಪ್ಪಾ. ಗುಂಡಿಗೇಲಲ್ಲ. ತೇಪೆಗೆ ಅದು ಗೊತ್ತಾಗಲ್ಲ.”

“ಅಷ್ಟು ನನಗೆ ಗೊತ್ತಿಲ್ವಾ? ಆದ್ರೂ ಎದೆ ಹೊಡ್ಕೊಳ್ದೆ ಅಳೋದು ಹೇಗೆ ಅಂತ ನನಗೆ ಗೊತ್ತಿಲ್ಲ. ನಿನಗೆ ಗೊತ್ತಿದ್ರೆ ಹೇಳು.”

ಅವಳು ಲೋಟ ಕೆಳಗಿಟ್ಟಳು. “ಔಷಧ ಬಿಡುಗಡೆ ಆಗಿದೆ ಅಪ್ಪಾ. ಅವತ್ತು ಆಯ್ತು. ಮಾರನೇ ದಿನ ಅತ್ತೆ ನಿನ್ನ ತಬ್ಬಿಕೊಂಡಾಗ ಆಯ್ತು. ಅಂಗಡಿಯವರು ಬಂದಾಗ ಆಯ್ತು.”

“ಪ್ರತಿ ಸಲವೂ?”

“ಪ್ರತಿ ಸಲ.”

“ನೀನು ನೋಡ್ತಿದ್ಯಾ?”

“ಆಮೇಲೆ ಹೋಗಿ ನೋಡಿದೆ. ಎಲ್ಲ ತೇಪೆಗೂ ಆ ಮಿತಿ ಲೆಕ್ಕ ಹಾಕಿದ್ದು ನಾನೇ. ಅದಕ್ಕಿಂತ ಮೇಲೆ ಹೋದ್ರೆ ಬಡಿತದ ಹದ ತಪ್ಪಬಹುದು ಅಂತ.”

ಅಪ್ಪ ಸಿಟ್ಟಾಗಬಹುದು ಎಂದುಕೊಂಡಿದ್ದಳು. ಅವನು ಚಹಾದ ಕೊನೆಯ ಗುಟುಕು ಕುಡಿದು ಲೋಟದ ತಳ ನೋಡಿದ.

“ನಿನಗೆ ಬಂತಾ?” ಅಂದ.

“ಇಲ್ಲ.”

“ನಿನಗೇನೂ ಹಾಕಿಲ್ವಲ್ಲ.”

“ಇಲ್ಲ.”

“ಮತ್ತೆ?”

ಕೆಳಗೆ ಕಾರು ತೊಳೆಯುತ್ತಿದ್ದವರು ಪೈಪು ಸುತ್ತಿಟ್ಟರು.

ಶಸ್ತ್ರವೈದ್ಯರು ಎತ್ತರದ, ಮೃದು ಮಾತಿನ ಮನುಷ್ಯ. ಅಪ್ಪನ ಎದೆ ತೆರೆದು ತೇಪೆ ಹೊಲಿದವರು ಅವರೇ. ಅಪ್ಪನ ಕೋರಿಕೆ ಕೇಳಿ ಅವರು ಕುರ್ಚಿಗೆ ಒರಗಿದರು.

“ಉಸಿರು ಕಟ್ಟುತ್ತೆ ಅಂತ ಬರ್ತಾರೆ, ಸುಸ್ತು ಅಂತ ಬರ್ತಾರೆ. ಅಳಬೇಕು, ಮಿತಿ ಏರಿಸಿ ಅಂತ ಇದುವರೆಗೆ ಯಾರೂ ಬಂದಿಲ್ಲ.”

“ಡಾಕ್ಟ್ರೇ, ಗವರ್ನರ್ ಕಿತ್ತುಹಾಕಿ ಅಂತ ನಾನು ಕೇಳ್ತಿಲ್ಲ. ಸ್ವಲ್ಪ ಸಡಿಲ ಮಾಡಿ ಅಂತಿದೀನಿ.”

“ಅದು ಇರೋದೇ ನಿಮ್ಮನ್ನ ಉಳಿಸೋಕೆ. ಹದ ತಪ್ಪಿದ್ರೆ ಜೀವಕ್ಕೇ ಸಂಚಕಾರ.”

“ಗೊತ್ತು. ಆದ್ರೂ ಅವಳಿಗೆ ನಾನು ಅಷ್ಟೂ ಮಾಡದೇ ಹೋದ್ರೆ ಹೇಗೆ?” ಅಪ್ಪ ಇದನ್ನು ಬಾಕಿ ಉಳಿದ ಕೆಲಸದ ಬಗ್ಗೆ ಹೇಳುವವನಂತೆ ಹೇಳಿದ.

ವೈದ್ಯರು ತಂತಿಯ ಕಡೆ ನೋಡಿದರು. ಅವಳು ಕಿಟಕಿಯ ಕಡೆ ನೋಡಿದಳು. ತೀರ್ಮಾನ ಅವಳದಲ್ಲ.

ಅವರು ಅಪ್ಪನನ್ನು ಟ್ರೆಡ್‌ಮಿಲ್ಲಿನ ಮೇಲೆ ನಡೆಸಿದರು, ಬೆವರಿಳಿಸಿದರು, ಎದೆಯ ಚಿತ್ರ ತೆಗೆಸಿದರು. ತೇಪೆ ಸುತ್ತಲಿನ ಮಾಂಸದ ಜೊತೆ ಚೆನ್ನಾಗಿ ಬೆಸೆದುಕೊಂಡಿತ್ತು. ಹೇಗೂ ಒಂದು ದಿನ ಮಿತಿ ಏರಿಸಲೇಬೇಕಿತ್ತು, ಕೆಲವು ತಿಂಗಳು ಮೊದಲೇ ಏರಿಸೋಣ ಎಂದು ಕೊನೆಗೆ ಒಪ್ಪಿದರು. ಔಷಧವನ್ನು ಬೇಕಾದಾಗ ಪ್ರಯೋಗಾಲಯದಿಂದಲೇ ಕೊಡುವ ಗುಂಡಿಯೊಂದು ಮೊದಲಿನಿಂದಲೂ ಇತ್ತು. ವೇಗ ಹಳೆಯ ಮಿತಿ ದಾಟಿದಾಗ ಅಲ್ಲಿರುವವರು ಹದ ನೋಡಬೇಕು, ಬಡಿತ ಅಡ್ಡಾದಿಡ್ಡಿಯಾದರೆ ತಕ್ಷಣ ಗುಂಡಿ ಒತ್ತಬೇಕು, ತಮಗೂ ಫೋನು ಮಾಡಬೇಕು ಎಂದು ಸೂಚನೆ ಕೊಟ್ಟರು.

ಆಸ್ಪತ್ರೆಯ ಒಂದು ಸಣ್ಣ ಕೋಣೆಯಲ್ಲಿ ಹೊಸ ಮಿತಿ ಹಾಕಿದರು. ಅಪ್ಪ ಮಂಚದ ಅಂಚಿನಲ್ಲಿ ಕೂತ. ವೈದ್ಯರು ಒಂದು ಕಡೆ, ಮಗಳು ಒಂದು ಕಡೆ. ಮೂವರೂ ಕಾದರು. ಹೊರಗೆ ಗಾಲಿ ಕುರ್ಚಿಯೊಂದು ಕಿರುಗುಟ್ಟುತ್ತ ಹೋಯಿತು. ಅಪ್ಪ ಗೋಡೆ ನೋಡಿದ, ತನ್ನ ಕಾಲ ಬೆರಳು ನೋಡಿಕೊಂಡ. ಕಣ್ಣು ಮುಚ್ಚಿ ಮುಖ ಬಿಗಿಹಿಡಿದ, ಅಮ್ಮನನ್ನು ನೆನೆಯುತ್ತಿರಬೇಕು. ಗೆರೆ ಅಲುಗಲಿಲ್ಲ.

“ಏನೂ ಆಗ್ತಿಲ್ವಲ್ಲ ಡಾಕ್ಟ್ರೇ.”

“ಆಗ್ಲೇಬೇಕು ಅಂತೇನಿಲ್ಲ.”

“ನಿಮ್ಮ ಟೈಮ್ ಹಾಳು ಮಾಡ್ದೆ,” ಎಂದ ಅಪ್ಪ ಸಂಕೋಚದಿಂದ, ಚಪ್ಪಲಿಗಾಗಿ ಕಾಲು ಚಾಚುತ್ತ.

ಬಸ್ಸಿನಲ್ಲಿ ವಾಪಸಾಗುವಾಗ ಅಪ್ಪ ಚಾಲಕನ ಹಿಂದಿನ ಸೀಟಿನಲ್ಲಿ ಕೂತು, ಅವನು ಗೇರು ಬದಲಿಸುವುದನ್ನು ನೋಡುತ್ತಿದ್ದ. ಇಳಿಯುವಾಗ ಮಗಳಿಗೆ ಹೇಳಿದ. “ಇರಲಿ ಬಿಡು. ನಿನ್ನ ಯಂತ್ರದ್ದೇನೂ ತಪ್ಪಿಲ್ಲ ಅಂತಾಯ್ತು. ನಾನೇ ಹೀಗೆ ಅಂತ ಕಾಣುತ್ತೆ.”

ದಿನಗಳು ಹೋದವು. ಇಬ್ಬರೂ ಒಂದೇ ಮನೆಯಲ್ಲಿ, ಹೋಟೆಲಿನಲ್ಲಿ ಒಂದೇ ಮೇಜು ಹಂಚಿಕೊಂಡ ಅಪರಿಚಿತರಂತೆ, ಒಬ್ಬರಿಗೊಬ್ಬರು ಉಪ್ಪು ದಾಟಿಸಿಕೊಂಡು ಬದುಕಿದರು. ಅಪ್ಪ ಅನ್ನ ಮಾಡಲು ಕಲಿತ. ಅವಳು ಅಮ್ಮನ ಬಟ್ಟೆಗಳನ್ನು ಮಡಿಸಿ ಮೂಟೆ ಕಟ್ಟಿ ಕೊಡಬೇಕಾದವರಿಗೆ ಕೊಟ್ಟಳು. ಒಂದು ಸಂಜೆ ಅಪ್ಪ, “ಈ ಮನೇಲಿ ಇಷ್ಟು ಸದ್ದು ಮಾಡ್ತಿದ್ದಿದ್ದು ಯಾರು ಅಂತ ಈಗ ಗೊತ್ತಾಯ್ತು” ಎಂದ. ಅದನ್ನೂ ಹವಾಮಾನದ ವಿಷಯದ ಹಾಗೆ ಹೇಳಿದ.

ಒಂದು ಮಧ್ಯಾಹ್ನ ಅವಳೂ ಮಾಲಿಯೂ ಹೊಸ ತೇಪೆಯೊಂದನ್ನು ತಟ್ಟೆಯಿಂದ ತಟ್ಟೆಗೆ ಬದಲಿಸುತ್ತಿದ್ದರು. ಅದು ತೆಳ್ಳಗೆ, ನೀರಲ್ಲಿ ನೆನೆದ ಕಾಗದದ ಹಾಗಿತ್ತು. ತನ್ನ ಪಾಡಿಗೆ ತಾನು ಮಿಡಿಯುತ್ತಿತ್ತು. ಗೋಡೆಯ ಪರದೆ ಪೀಂ ಎಂದಿತು. ಇಬ್ಬರೂ ತಿರುಗಿದರು. ಮೂರನೆಯ ಸಾಲು.

ಗೆರೆ ಏರುತ್ತಿತ್ತು. ಹಳೆಯ ಮಿತಿಯನ್ನು ಅವರು ನೋಡನೋಡುತ್ತಿದ್ದಂತೆಯೇ ದಾಟಿತು. ಚುಕ್ಕಿ ಹೊತ್ತಲಿಲ್ಲ, ಹೊಸ ಮಿತಿ ಇನ್ನೂ ಮೇಲಿತ್ತು. ಇನ್ನೂ ಏರಿತು.

“ಔಷಧ ಕೊಟ್ಟುಬಿಡೇ,” ಅಂದ ಮಾಲಿ.

“ಹದ ನೋಡು.”

ಅವಳು ಗೆರೆಯನ್ನು ಹಿಗ್ಗಿಸಿದಳು. ಬಡಿತ ಒಂದರ ಹಿಂದೆ ಒಂದು ಓಡುತ್ತಿತ್ತು, ಆದರೆ ಸಾಲು ತಪ್ಪಿರಲಿಲ್ಲ. ಬೆರಳು ಗುಂಡಿಯ ಮೇಲಿಟ್ಟುಕೊಂಡೇ ಇನ್ನೊಂದು ಕೈಯಿಂದ ಅಪ್ಪನಿಗೆ ಫೋನು ಮಾಡಿದಳು. ಎತ್ತಲಿಲ್ಲ. ಮತ್ತೆ ಮಾಡಿದಳು. ಮಾಲಿ ವೈದ್ಯರಿಗೆ ಮಾಡಿ, ಕಂಡದ್ದನ್ನು ಹೇಳಿ, “ಹದ ಸರಿ ಇದ್ರೆ ಕಾಯಿರಿ ಅಂತಿದಾರೆ. ತಪ್ಪಿದ ತಕ್ಷಣ ಒತ್ತಬೇಕಂತೆ” ಅಂದ.

ಮೂರನೆಯ ಸಲ ಅಪ್ಪ ಎತ್ತಿದ. ಮೊದಲು ಕೇಳಿಸಿದ್ದು ನೀರು. ದಬದಬ ಸುರಿಯುವ ನೀರು.

“ಅಪ್ಪಾ? ಎಲ್ಲಿದೀಯಾ? ಏನಾಯ್ತು?”

“ಬಚ್ಚಲ ಪೈಪು ಒಡೆದುಹೋಯ್ತು ಕಣೇ. ಒಂದು ಕೈಯಲ್ಲಿ ಹಿಡ್ಕೊಂಡಿದೀನಿ. ಮುಖಕ್ಕೆಲ್ಲ ಹೊಡೀತಿದೆ.”

“ಎದೆ ಹೇಗಿದೆ?”

ನೀರಿನ ಸದ್ದು ಮಾತ್ರ ಬಂತು.

“ಅಪ್ಪಾ, ಎದೆ?”

“ನಿಮ್ಮಮ್ಮನ್ನ ಕರ್ದೆ ಕಣೇ.”

“ಏನು?”

“ಪೈಪು ಒಡೀತಲ್ಲ. ಕೈ ಬಿಡೋ ಹಾಗಿಲ್ಲ. ‘ಲೇ ಇವಳೇ, ಬಕೆಟ್ ತಾರೇ ಬೇಗ’ ಅಂತ ಕೂಗ್ದೆ. ಎರಡು ಸಲ ಕೂಗ್ದೆ. ಬರ್ಲಿಲ್ಲ ಅಂತ ಸಿಟ್ಟು ಬಂದು, ‘ಕಿವಿ ಕೇಳಲ್ವೇನೇ ನಿನಗೆ’ ಅಂತ ಬೈದುಬಿಟ್ಟೆ.” ನೀರು ಸುರಿಯುತ್ತಲೇ ಇತ್ತು. “ಬೈದುಬಿಟ್ಟೆ ಕಣೇ.”

ಆಮೇಲೆ ಬಂದ ಸದ್ದನ್ನು ಅವಳು ಹುಟ್ಟಿದಾಗಿನಿಂದ ಕೇಳಿರಲಿಲ್ಲ. ಮೊದಲು ಅದು ಕೆಮ್ಮು ಎಂದುಕೊಂಡಳು. ಪರದೆಯ ಮೇಲೆ ಗೆರೆ ಇನ್ನೊಂದು ಮೆಟ್ಟಿಲು ಏರಿತು. ಮಾಲಿ ಅವಳ ಭುಜ ಹಿಡಿದ. ಅವಳು ಬಡಿತದ ಸಾಲನ್ನೇ ನೋಡುತ್ತಿದ್ದಳು. ನೇರ. ಸಾಲು ಇನ್ನೂ ತಪ್ಪಿಲ್ಲ. ಬೆರಳನ್ನು ಗುಂಡಿಯ ಮೇಲಿಂದ ಮೆಲ್ಲಗೆ ಎತ್ತಿ ಮಡಿಲಲ್ಲಿಟ್ಟುಕೊಂಡಳು.

“ಎದೆ ಹೊಡ್ಕೋತಿದೆ,” ಎಂದ ಅಪ್ಪ ನಡುವೆ. “ಜೋರಾಗಿ ಹೊಡ್ಕೋತಿದೆ. ನೀನೇನೂ ಮಾಡ್ಬೇಡ.”

“ಮಾಡ್ತಿಲ್ಲಪ್ಪಾ.”

“ಏನೂ ಮಾಡ್ಬೇಡ.”

“ಇಲ್ಲ. ಫೋನ್ ಇಡ್ಬೇಡ, ಅಷ್ಟೇ.”

ಅವನು ಇಡಲಿಲ್ಲ. ಅಳುತ್ತಲೇ ಹೋದ, ದೊಡ್ಡ ದನಿಯಲ್ಲಿ, ನಾಚಿಕೆಯಿಲ್ಲದೆ. ಪೈಪಿನ ಮೇಲೆ ಕೈ ಇಟ್ಟುಕೊಂಡೇ ಇದ್ದಿರಬೇಕು. ಮಾಲಿ ಮುಖ ತಿರುಗಿಸಿ ತನ್ನ ಕೋಶಗಳ ಪೆಟ್ಟಿಗೆಯ ಕಡೆ ನಿಂತ. ಅವನ ಕಿವಿ ಕೆಂಪಗಾಗಿತ್ತು. ಗೆರೆ ಬಹಳ ಹೊತ್ತು ಮೇಲೆಯೇ ಇದ್ದು, ಆಮೇಲೆ ಯಾರೂ ಒತ್ತದೆ, ಯಾರೂ ಹಿಡಿಯದೆ, ಕೊಂಚ ಇಳಿದು, ಮತ್ತೆ ಏರಿ, ದಣಿದವರು ಮೆಟ್ಟಿಲು ಇಳಿದಂತೆ ನಿಂತು ನಿಂತು ಕೆಳಗೆ ಬಂತು.

ಅವಳು ಮನೆಗೆ ಹೋದಾಗ ನೀರು ಹಜಾರದವರೆಗೂ ಹರಿದಿತ್ತು. ಪಕ್ಕದ ಮನೆಯವರು ಬಂದು ಮುಖ್ಯ ನಲ್ಲಿ ಮುಚ್ಚಿದ್ದರು. ಅಪ್ಪ ಒದ್ದೆ ಬಟ್ಟೆಯಲ್ಲೇ ಸ್ಟೂಲಿನ ಮೇಲೆ ಕೂತಿದ್ದ. ಕಣ್ಣು ಊದಿ ಸಣ್ಣಗಾಗಿದ್ದವು. ಮುಖ ಮಾತ್ರ ಸ್ನಾನ ಮಾಡಿ ಎದ್ದವರ ಮುಖದ ಹಾಗೆ ಸಡಿಲಾಗಿತ್ತು. ಅವಳು ನಾಡಿ ಹಿಡಿದು ನೋಡಿದಳು. ಟವೆಲ್ ತಂದು ತಲೆ ಒರೆಸಿದಳು.

“ಹಳೇ ಪೈಪು. ಮೊದಲೇ ಬದಲಿಸ್ಬೇಕಿತ್ತು,” ಅಂದ ಅಪ್ಪ. “ಸುಸ್ತಾಗಿದೆ ಕಣೇ. ಸ್ವಲ್ಪ ಮಲಗ್ತೀನಿ.”

“ಬಟ್ಟೆ ಬದಲಿಸ್ಕೊಂಡು ಮಲಗು. ನಾನು ಡಾಕ್ಟ್ರಿಗೆ ಹೇಳಿದೀನಿ, ಸಂಜೆ ಬರ್ತಾರೆ.”

ಅವನು ಮಲಗಿದ ಕೂಡಲೇ ಗೊರಕೆ ಹೊಡೆಯತೊಡಗಿದ. ಅಮ್ಮ ಹೋದ ಮೇಲೆ ಅವನ ಗೊರಕೆಯನ್ನು ಅವಳು ಕೇಳಿಯೇ ಇರಲಿಲ್ಲ ಎಂಬುದು ಆಗ ಹೊಳೆಯಿತು.

ಅವಳು ಬಟ್ಟೆ ಎತ್ತಿಕಟ್ಟಿ ನೆಲ ಒರೆಸಿದಳು. ಒರೆಸುವುದು, ಬಚ್ಚಲಲ್ಲಿ ಹಿಂಡುವುದು, ಮತ್ತೆ ಬಂದು ಒರೆಸುವುದು. ಹಜಾರ ಮುಗಿಯಿತು, ಅಡುಗೆಮನೆಯ ಹೊಸ್ತಿಲು ಮುಗಿಯಿತು. ಮೊಣಕಾಲೂರಿ ಕೂತವಳು ಒಂದು ಸಲ ತಲೆಯೆತ್ತಿ ಅಡುಗೆಮನೆಯ ಕಡೆ ನೋಡಿದಳು. ಅಪ್ಪನಿಗೆ ಕೇಳಿಸದಷ್ಟು ಮೆಲ್ಲಗೆ, ಪರೀಕ್ಷೆ ಮಾಡುವವಳಂತೆ, ಕರೆದಳು.

“ಅಮ್ಮಾ.”

ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು ಸಲ, “ಅಮ್ಮಾ, ಬಕೆಟ್ ತಾ.”

ಫ್ರಿಜ್ಜು ಗುಂಯ್‌ಗುಟ್ಟುತ್ತಿತ್ತು. ಅವಳು ಒದ್ದೆ ಬೆರಳನ್ನು ತನ್ನ ಮಣಿಕಟ್ಟಿನ ಮೇಲಿಟ್ಟು ನೋಡಿಕೊಂಡಳು. ನಾಡಿ ಯಾವಾಗಲೂ ಇದ್ದಷ್ಟೇ ಇತ್ತು.

ಬಾಗಿಲ ಗಂಟೆ ಸದ್ದಾಯಿತು. ಕೊಳಾಯಿ ರಿಪೇರಿಯವನು ಚೀಲ ಹೆಗಲಿಗೇರಿಸಿಕೊಂಡು ನಿಂತಿದ್ದ. ಅವಳು ಒರೆಸುವ ಬಟ್ಟೆಯನ್ನು ಪಕ್ಕಕ್ಕೆ ಸರಿಸಿ, ಜಾರುತ್ತದೆ ಹುಷಾರು ಎಂದು ಹೇಳಿ, ಒಡೆದ ಜಾಗ ತೋರಿಸಲು ಅವನನ್ನು ಬಚ್ಚಲಿಗೆ ಕರೆದುಕೊಂಡು ಹೋದಳು.